ಮುಂದಿನ ಹಾಡನ್ನು ಆರಿಸುವವರು ಯಾರು?

ಮಕ್ಕಳಿಗೆ ಕೇಳಿಸಲು, ಮನೆಮಂದಿಯೆಲ್ಲ ಕೂತು ನೋಡಲು ಕನ್ನಡದಲ್ಲಿ ಹೊಸದೇನೂ ಇಲ್ಲ ಎಂಬ ದೂರು ಈಗ ಸಾಮಾನ್ಯ. ಬೆಂಗಳೂರಿನವರು ಹೇಳುವ ಈ ಮಾತನ್ನೇ ಜಮಖಂಡಿ ಸೀಮೆಯ ಹುನ್ನೂರಿನಂಥ ಊರಿನವರೂ ಹೇಳುತ್ತಾರೆ. ವಿಪರ್ಯಾಸವೆಂದರೆ, ಹಾಗೆ ಹೇಳುವವರ ಕೈಯಲ್ಲೇ ಇರುವ ಮೊಬೈಲಿನಲ್ಲಿ ಒಂದು ಜನ್ಮಕ್ಕೆ ಮುಗಿಯದಷ್ಟು ಹಾಡು, ವಿಡಿಯೊಗಳಿವೆ. ಹಾಡುಗಳಿಗೆ ಬರ ಬಂದಿಲ್ಲ. ಹುಡುಕುವ, ಆರಿಸುವ ಕೆಲಸವನ್ನು ನಾವು ಬಿಟ್ಟುಕೊಟ್ಟಿದ್ದೇವೆ. ಮೊದಲ ಹಾಡನ್ನು ತಾಯಿ ಹಚ್ಚಿಕೊಡುತ್ತಾಳೆ. ಎರಡನೆಯದರಿಂದ ಇಪ್ಪತ್ತನೆಯದರವರೆಗೆ ಯಂತ್ರವೇ ಹಚ್ಚುತ್ತದೆ.

ಈ ಯಂತ್ರಕ್ಕೆ ಮಗುವಿನ ಊರು ಬೇಕಿಲ್ಲ, ಅಜ್ಜಿ ಬೇಕಿಲ್ಲ. ನೋಡುವವರು ನೋಡುತ್ತಲೇ ಇರಬೇಕು ಎಂಬುದಷ್ಟೇ ಅದರ ಲೆಕ್ಕ. ದಕ್ಷಿಣ ಕೊರಿಯಾದ ಕಂಪನಿಯೊಂದರ ‘ಬೇಬಿ ಶಾರ್ಕ್’ 2022ರ ಜನವರಿಯಲ್ಲಿ ಯೂಟ್ಯೂಬಿನಲ್ಲಿ ಸಾವಿರ ಕೋಟಿ ಸಲ ನೋಡಲ್ಪಟ್ಟ ಮೊದಲ ವಿಡಿಯೊ ಆಯಿತು. ಸಮುದ್ರವನ್ನೇ ಕಾಣದ ಮಕ್ಕಳೂ ಶಾರ್ಕಿನ ಸಂಸಾರವನ್ನು ಬಾಯಿಪಾಠ ಮಾಡಿದರು. ಅದರಲ್ಲಿ ತಪ್ಪೇನಿಲ್ಲ, ಹಾಡು ಗಡಿ ದಾಟಬೇಕಾದದ್ದೇ. ಆದರೆ ದಾಟಿ ಬರುವುದೆಲ್ಲ ಹಾಡೇ ಆಗಿರುವುದಿಲ್ಲ. 2017ರಲ್ಲಿ, ಮಕ್ಕಳ ಮೆಚ್ಚಿನ ಕಾರ್ಟೂನು ಪಾತ್ರಗಳನ್ನೇ ಹಿಂಸೆಗೂ ಅಶ್ಲೀಲಕ್ಕೂ ಬಳಸಿದ ವಿಡಿಯೊಗಳ ರಾಶಿ ಬಯಲಾಗಿ ಯೂಟ್ಯೂಬ್ ಅವನ್ನು ಕಿತ್ತುಹಾಕಬೇಕಾಯಿತು. ತಂದೆತಾಯಿಯ ಒಪ್ಪಿಗೆಯಿಲ್ಲದೆ ಮಕ್ಕಳ ಮಾಹಿತಿ ಸಂಗ್ರಹಿಸಿದ ಆರೋಪಕ್ಕೆ 2019ರಲ್ಲಿ ಅದು ಅಮೆರಿಕದಲ್ಲಿ 17 ಕೋಟಿ ಡಾಲರ್ ತೆರಲು ಒಪ್ಪಿತು. ಇಂಥ ದಾಖಲೆಯಿರುವ ಅಪರಿಚಿತನನ್ನು ನಾವು ಮನೆಯ ಹೊಸ್ತಿಲು ದಾಟಲು ಬಿಡುತ್ತಿದ್ದೆವೇ? ಈಗ ಮಗುವಿನ ಮಗ್ಗುಲಲ್ಲೇ ಮಲಗಿಸಿದ್ದೇವೆ.

ಕನ್ನಡದ ಶಿಶುಗೀತೆಗಳೂ ಅಲ್ಲಿವೆಯಲ್ಲ ಎನ್ನಬಹುದು. ಇವೆ. ಆದರೆ ಅವುಗಳಲ್ಲಿ ಬಹಳಷ್ಟು, ಒಂದೇ ಚಿತ್ರವನ್ನು ಹಲವು ಭಾಷೆಗಳಿಗೆ ಹೊಂದಿಸಿ ತಯಾರಿಸಿದವು. ಕಾಗೆ ಅದೇ, ಮನೆ ಅದೇ, ಅಮ್ಮನ ಮುಖವೂ ಅದೇ, ಭಾಷೆಯೊಂದೇ ಬೇರೆ. ರಬಕವಿ-ಬನಹಟ್ಟಿಯ ಮಗ್ಗದ ಸದ್ದು, ಕಬ್ಬಿನ ಗಾಡಿ, ರೊಟ್ಟಿ ಬಡಿಯುವ ಸಪ್ಪಳ ಅಲ್ಲಿ ಕೇಳುವುದಿಲ್ಲ. ‘ಯವ್ವಾ’ ಎಂದು ಕರೆಯುವ ಮಗುವೂ ಇಲ್ಲ, ‘ಅಮ್ಮೀ’ ಎಂದು ಕರೆಯುವ ಮಗುವೂ ಇಲ್ಲ. ಮನೆಯಲ್ಲಿ ದಖನಿ, ಓಣಿಯಲ್ಲಿ ಜವಾರಿ ಕನ್ನಡ, ಶಾಲೆಯಲ್ಲಿ ಪುಸ್ತಕದ ಕನ್ನಡ ಆಡುವ ಮುಸ್ಲಿಂ ಮಗು ಇವುಗಳಲ್ಲಿ ತನ್ನನ್ನು ಎಲ್ಲಿ ಹುಡುಕಿಕೊಳ್ಳಬೇಕು?

ಇದಕ್ಕೆಲ್ಲ ತಾಯಂದಿರನ್ನು ಬೈಯುವುದು ಸುಲಭ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಸಲಹೆ ಸರಿಯಾಗಿದೆ. ಆದರೆ ಹೊಲದಿಂದ ಬಂದು ಒಲೆ ಹಚ್ಚುವ, ಕೂಲಿಗಾಗಿ ಕಂಡಿಕೆ ಸುತ್ತುವ ಹೆಣ್ಣುಮಗಳಿಗೆ ಮೊಬೈಲು ಮೋಜಿನ ವಸ್ತುವಲ್ಲ, ಕೂಸು ಆಡಿಸುವ ಇನ್ನೊಂದು ಕೈ. ಆ ಹೊತ್ತಿನಲ್ಲಿ ಕಟ್ಟೆಯ ಮೇಲೆ ಕೂತು ತಾನೂ ಮೊಬೈಲ್ ನೋಡುತ್ತಿರುವ ಅಪ್ಪನನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ.

ನಮ್ಮ ಸಮುದಾಯದ ಕೆಲವರ ಬಳಿ ಇನ್ನೂ ಸುಲಭದ ಪರಿಹಾರವಿದೆ: ಸಂಗೀತವನ್ನೇ ಮನೆಯಿಂದ ಹೊರಹಾಕುವುದು. ಇಲ್ಲವೇ ಅರಬಿ, ಇಂಗ್ಲಿಷ್ ನಶೀದ್ ಹಚ್ಚಿ ನಿಶ್ಚಿಂತೆಯಿಂದ ಇರುವುದು. ನಶೀದ್ ಕೇಳಿಸುವುದು ತಪ್ಪೆಂದು ಯಾರೂ ಹೇಳುತ್ತಿಲ್ಲ. ಆದರೆ ದೂರದಿಂದ ಬಂದದ್ದೆಲ್ಲ ಪವಿತ್ರ, ಕಾಲಬುಡದಲ್ಲಿ ಬೆಳೆದದ್ದೆಲ್ಲ ಅಶುದ್ಧ ಎಂಬುದು ಯಾವ ನ್ಯಾಯ? ಸಂಗೀತದ ಬಗ್ಗೆ ವಿದ್ವಾಂಸರಲ್ಲಿ ಶತಮಾನಗಳಿಂದ ಭಿನ್ನಾಭಿಪ್ರಾಯವಿದೆ. ಇಮಾಮ್ ಗಝಾಲಿಯವರು ತಮ್ಮ ‘ಇಹ್ಯಾ’ದಲ್ಲಿ ‘ಸಮಾ’ ಕುರಿತೇ ಒಂದು ಭಾಗವನ್ನು ಬರೆದರು. ಅಷ್ಟು ದೂರವೇಕೆ, ನಮ್ಮ ಪಕ್ಕದ ವಿಜಯಪುರವನ್ನೇ ನೋಡಿ. ಆದಿಲ್‌ಶಾಹಿ ಕಾಲದ ಸೂಫಿಗಳು ದಖನಿಯಲ್ಲಿ ಚಕ್ಕಿನಾಮಾ, ಚರಖಾನಾಮಾಗಳನ್ನು ಕಟ್ಟಿದರು. ಬೀಸುವಾಗ ಚಕ್ಕಿನಾಮಾ, ನೂಲುವಾಗ ಚರಖಾನಾಮಾ, ತೊಟ್ಟಿಲು ತೂಗುವಾಗ ಲೋರಿನಾಮಾ. ದೊಡ್ಡ ತತ್ವವನ್ನು ಬೀಸುಕಲ್ಲಿನ ಗೂಟಕ್ಕೆ, ರಾಟೆಯ ಚಕ್ರಕ್ಕೆ ಹೋಲಿಸಿ ಹೆಣ್ಣುಮಕ್ಕಳ ಬಾಯಿಗೆ ಕೊಟ್ಟರು. ಅವರ ಬಾಯಿಂದ ಅದು ಮಡಿಲಲ್ಲಿದ್ದ ಮಗುವಿನ ಕಿವಿಗೆ ಹೋಯಿತು.

ಕನ್ನಡದ ಮನೆಗಳಲ್ಲೂ ಅದೇ ಬೀಸುಕಲ್ಲು ಹಾಡುತ್ತಿತ್ತು. 1931ರಲ್ಲಿ ‘ಗರತಿಯ ಹಾಡು’ ಹೊರತಂದ ಹಲಸಂಗಿ ಗೆಳೆಯರ ಬಳಗದಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪನವರ ಜೊತೆಗೆ ಧೂಲಾಸಾಹೇಬರೂ ಇದ್ದರು. ಶಿಶುನಾಳ ಶರೀಫರು ತತ್ವಪದಗಳಂತೆಯೇ ಮೊಹರಮ್ಮಿನ ರಿವಾಯತ ಪದಗಳನ್ನೂ ಕಟ್ಟಿದರು. ಅಲಾವಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ಆ ಪದ ಕಲಿತ ಮಕ್ಕಳಲ್ಲಿ ಎಲ್ಲ ಜಾತಿಯವರೂ ಇದ್ದರು. ಈಗ ಅದನ್ನು ‘ಧರ್ಮಬಾಹಿರ’ ಎನ್ನುವ ನಮ್ಮವರೂ, ‘ಅವರ ಹಬ್ಬ ನಮಗೇಕೆ’ ಎನ್ನುವ ಆ ಕಡೆಯವರೂ ಸೇರಿ, ಮಕ್ಕಳು ಒಟ್ಟಿಗೆ ಹಾಡುವ ಜಾಗವನ್ನೇ ಕಿರಿದು ಮಾಡುತ್ತಿದ್ದಾರೆ. ಹಾಗೆ ಖಾಲಿಯಾದ ಜಾಗಕ್ಕೆ ಮೊಬೈಲು ಬಂದು ಕೂತಿದೆ. ಹೀಗಿರುವಾಗ ದೂರಬೇಕಾದದ್ದು ಯಾರನ್ನು?

ಹಾಗೆಂದು ಬೀಸುಕಲ್ಲನ್ನು ಮರಳಿ ತರಬೇಕೆಂದು ಯಾರೂ ಬಯಸಬೇಕಾಗಿಲ್ಲ. ಆ ಹಾಡುಗಳ ಹಿಂದೆ ಹೆಣ್ಣಿನ ಬೆವರು, ಕಣ್ಣೀರು ಎರಡೂ ಇದ್ದವು. ಹೆಣ್ಣುಮಗುವನ್ನು ಕೀಳುಗಳೆಯುವ ಹಳೆಯ ಪದಗಳನ್ನು ಕೈಬಿಡಲು ಅಳುಕಬೇಕಿಲ್ಲ. ಹೊಸ ಹಾಡೂ ಬೇಕು. ಜಿ.ಪಿ. ರಾಜರತ್ನಂ ‘ತುತ್ತೂರಿ’ ಬರೆದಾಗ ಅದು ಹೊಸದೇ ಆಗಿತ್ತು. 1993ರ ‘ಚಿನ್ನಾರಿ ಮುತ್ತ’ ಚಿತ್ರಕ್ಕೆ ಎಚ್.ಎಸ್. ವೆಂಕಟೇಶಮೂರ್ತಿ ಬರೆದು ಸಿ. ಅಶ್ವಥ್ ರಾಗ ಹಾಕಿದಾಗ ಮಕ್ಕಳ ಜೊತೆ ದೊಡ್ಡವರೂ ಹಾಡಿದರು. ಮಗುವಿಗೆ ಏನು ಕೊಡಬೇಕೆಂದು ಯೋಚಿಸಿದ ಮನುಷ್ಯರು ಅವುಗಳ ಹಿಂದಿದ್ದರು.

ಮಗು ಕೇಳದೇ ಇದ್ದದ್ದೆಲ್ಲ ಮಗುವಿಗೆ ಹೊಸದೇ. ಆದ್ದರಿಂದ ಹೊಸ ಹಾಡಿನ ಹುಡುಕಾಟವನ್ನು ಮನೆಯಿಂದಲೇ ಆರಂಭಿಸಬಹುದು. ಮೊಬೈಲಿನ ಆಟೋಪ್ಲೇ ನಿಲ್ಲಿಸಲು ಕಾಸು ಬೇಡ. ಅದೇ ಮೊಬೈಲಿನಲ್ಲಿ ಅಜ್ಜಿಯ, ನಾನಿಯ ದನಿಯನ್ನು ಮುದ್ರಿಸಿಕೊಳ್ಳಬಹುದು. ಅಪ್ಪ ವಾರಕ್ಕೊಂದು ಹಾಡನ್ನು ತಾನೇ ಹುಡುಕಿ, ಮೊದಲು ತಾನು ಕೇಳಿ, ಮಗುವಿನ ಪಕ್ಕ ಕೂತು ಕೇಳಿಸಬಹುದು.

ಉಳಿದದ್ದು ಸಾರ್ವಜನಿಕ ಹಣದ ಕೆಲಸ. ಕರ್ನಾಟಕ ಬಯಲಾಟ ಅಕಾಡೆಮಿ ನಮ್ಮ ಬಾಗಲಕೋಟೆಯಲ್ಲೇ ಇದೆ. 2011ರಲ್ಲಿ ಆರಂಭವಾದ ಜಾನಪದ ವಿಶ್ವವಿದ್ಯಾಲಯ ಹಾವೇರಿ ಜಿಲ್ಲೆಯಲ್ಲಿದೆ. ‘ಓದುವ ಬೆಳಕು’ ಯೋಜನೆ 2020ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲನ್ನು 6ರಿಂದ 18 ವರ್ಷದ ಮಕ್ಕಳಿಗೆ ಉಚಿತವಾಗಿ ತೆರೆಯಿತು. ಜೋಗುಳ, ಪಾರಿಜಾತದ ಪದ, ರಿವಾಯತ, ದಖನಿ ಲೋರಿಗಳನ್ನು ಒಳ್ಳೆಯ ದನಿಯಲ್ಲಿ ಮುದ್ರಿಸಿ, ಹಾಡಿದವರ ಹೆಸರು ಹಾಕಿ, ಅವರಿಗೆ ಸಂಭಾವನೆ ಕೊಟ್ಟು ಈ ಗ್ರಂಥಾಲಯಗಳಿಗೆ ತಲುಪಿಸಲಿ. ಹಾಡನ್ನು ಪುಸ್ತಕದಲ್ಲಿ ಅಚ್ಚು ಹಾಕಿ ಕಪಾಟಿನಲ್ಲಿಟ್ಟರೆ ಮಗುವಿಗೆ ಕೇಳುವುದಿಲ್ಲ.

ಇದನ್ನು ನಾವು ಮಾಡದಿದ್ದರೂ ಮಕ್ಕಳ ಕಿವಿ ಖಾಲಿ ಇರುವುದಿಲ್ಲ. ಯಾರಾದರೂ ತುಂಬುತ್ತಾರೆ, ತಮ್ಮ ಲಾಭಕ್ಕೆ ಬೇಕಾದದ್ದನ್ನು ತುಂಬುತ್ತಾರೆ. ನಾಳೆ ಮಗನಿಗೆ ನಮ್ಮ ಮಾತು ತಿಳಿಯುತ್ತಿಲ್ಲ, ನೆರೆಮನೆಯವನು ಪರಕೀಯನಾಗಿ ಕಾಣುತ್ತಾನೆ ಎಂದು ಕೊರಗುವ ಹಕ್ಕು ಆಗ ನಮಗೆ ಉಳಿದಿರುವುದಿಲ್ಲ.