ಅಣ್ಣನಿಗೆ ತಂಗಿಯ ಕಾಂಡಕೋಶ: ನಾವು ಅಡ್ಡ ನಿಲ್ಲುವುದು ಬೇಡ

ಬೆಳ್ತಂಗಡಿ ಕಡೆಯ ತಂದೆಯೊಬ್ಬರು ಮೂಡುಬಿದಿರೆಯ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಅವರ 26 ವರ್ಷದ ಮಗನಿಗೆ ಅಕ್ಯೂಟ್ ಲ್ಯುಕೇಮಿಯಾ, ಅಂದರೆ ಕೆಲವೇ ವಾರಗಳಲ್ಲಿ ಬಲಿತುಬಿಡುವ ರಕ್ತ ಕ್ಯಾನ್ಸರ್. ಕಿಮೊಥೆರಪಿಯಿಂದ ರೋಗ ಹತೋಟಿಗೆ ಬಂದಿತ್ತು. ಆದರೆ ಮರುಕಳಿಸುವ ಭಯ ಹೆಚ್ಚಿದ್ದುದರಿಂದ ಕಾಂಡಕೋಶದ ಕಸಿ ಮಾಡಬೇಕೆಂದು ವೈದ್ಯರು ಹೇಳಿದ್ದರು. ಒಡಹುಟ್ಟಿದ ಮೂವರಲ್ಲಿ ಬಂಟ್ವಾಳಕ್ಕೆ ಮದುವೆ ಮಾಡಿಕೊಟ್ಟ ತಂಗಿಯದ್ದು ಮಾತ್ರ ಹೊಂದಿತ್ತು. ಗಂಡನ ಮನೆಯವರು ಒಪ್ಪಿರಲಿಲ್ಲ. ತಂದೆ ಕೇಳಿದ್ದು ಇಷ್ಟೆ: "ಡಾಕ್ಟ್ರೇ, ಯುನಾನಿಯಲ್ಲಿ ಇದಕ್ಕೆ ಮದ್ದುಂಟಾ? ಇದ್ದರೆ ಮಗಳ ಸಂಸಾರಕ್ಕೆ ತೊಂದರೆ ಕೊಡುವುದು ಬೇಡ."

ಇಲ್ಲ ಎಂದೆ. ಯುನಾನಿ ಕಲಿತು ಅದರಲ್ಲೇ ಬದುಕುವ ನಾನು ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ: ಅಕ್ಯೂಟ್ ಲ್ಯುಕೇಮಿಯಾವನ್ನು ವಾಸಿಮಾಡುವ ಶರಬತ್ತಾಗಲಿ, ಮಾಜೂನಾಗಲಿ ನಮ್ಮಲ್ಲಿಲ್ಲ. ಇನ್ನೊಂದು ಮಾತು. ಈ ರೋಗಿಗಳಿಗೆ ಹಿಜಾಮ ಮಾಡಿಸಲೇಬೇಡಿ. ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ರಕ್ತ ನಿಲ್ಲುವುದಿಲ್ಲ, ಬಿಳಿ ರಕ್ತಕಣ ಕೆಟ್ಟವರಿಗೆ ಸಣ್ಣ ಗಾಯದಿಂದಲೂ ಸೋಂಕು ಏರುತ್ತದೆ. ಕಿಮೊ ನಡೆಯುವಾಗ ಕರಿಜೀರಿಗೆ ಎಣ್ಣೆ, ಜೇನು, ಯಾವುದೇ ಗಿಡಮೂಲಿಕೆ ಇರಲಿ, ಕ್ಯಾನ್ಸರ್ ವೈದ್ಯರನ್ನು ಕೇಳದೆ ಕೊಡಬೇಡಿ.

ಹಾಗಾದರೆ ಕಸಿ ಎಂದರೇನು? ರಕ್ತ ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಅಲ್ಲಿರುವ ಮೂಲ ಕೋಶಗಳೇ ಕಾಂಡಕೋಶಗಳು, ಸ್ಟೆಮ್ ಸೆಲ್. ಬಲವಾದ ಔಷಧಿಯಿಂದ, ಕೆಲವೊಮ್ಮೆ ವಿಕಿರಣದಿಂದ ರೋಗಿಯ ಕೆಟ್ಟ ಮಜ್ಜೆಯನ್ನು ಬರಿದು ಮಾಡಿ, ದಾನಿಯ ಕಾಂಡಕೋಶಗಳನ್ನು ರಕ್ತ ಏರಿಸುವಂತೆ ಏರಿಸುತ್ತಾರೆ. ಅವು ತಾವೇ ಎಲುಬಿನೊಳಗೆ ದಾರಿ ಹುಡುಕಿಕೊಂಡು ಎರಡು ಮೂರು ವಾರಗಳಲ್ಲಿ ಹೊಸ ರಕ್ತ ಮಾಡಲು ತೊಡಗುತ್ತವೆ. ಇದನ್ನು ಸಾಧ್ಯವಾಗಿಸಿದ ಅಮೆರಿಕದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಸಿಕ್ಕಿತು. ನಮ್ಮ ದೇಶದಲ್ಲಿ 1983ರಲ್ಲೇ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿಯವರು ಲ್ಯುಕೇಮಿಯಾ ಇದ್ದ 9 ವರ್ಷದ ಹುಡುಗಿಗೆ ಅವಳ ಸಹೋದರನ ಮಜ್ಜೆಯನ್ನು ಕಸಿ ಮಾಡಿದರು. ಈಗ ಬೆಂಗಳೂರಿನಲ್ಲೂ ವೆಲ್ಲೂರಿನಲ್ಲೂ ಈ ಚಿಕಿತ್ಸೆ ಇದೆ.

ಸಂಶೋಧನೆ ಕಲಿಸಿದ ಒಂದು ಸಂಗತಿ ನನಗೆ ಬಹಳ ಸೋಜಿಗ ತಂದಿದೆ. ತದ್ರೂಪಿ ಅವಳಿಯಿಂದ ಪಡೆದ ಕೋಶಗಳೇ ಅತ್ಯುತ್ತಮ ಎಂದು ನಾವು ಭಾವಿಸುತ್ತೇವಲ್ಲವೇ? ಆದರೆ ಅಂಥವರಲ್ಲಿ ಕ್ಯಾನ್ಸರ್ ಮರುಕಳಿಸುವುದು ಹೆಚ್ಚು ಎಂದು ಕಂಡುಬಂತು. ಕಾರಣ, ದಾನಿಯ ಕೋಶಗಳು ತುಸು ಬೇರೆಯಾಗಿದ್ದಾಗ ಉಳಿದ ಕ್ಯಾನ್ಸರ್ ಕಣಗಳನ್ನು ಪರಕೀಯವೆಂದು ಗುರುತಿಸಿ ಕೊಲ್ಲುತ್ತವೆ. ಅದೇ ಗುಣದಿಂದ ರೋಗಿಯ ಚರ್ಮ, ಕರುಳು, ಯಕೃತ್ತಿಗೂ ಹಾನಿಯಾಗಬಹುದು. ಆದ್ದರಿಂದ ಕಸಿ ಅಪಾಯವಿಲ್ಲದ ಚಿಕಿತ್ಸೆಯಲ್ಲ, ಎಲ್ಲರಿಗೂ ಬೇಕಾದದ್ದೂ ಅಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆ ಬಹುಪಾಲು ಕಿಮೊದಿಂದಲೇ ಗುಣವಾಗುತ್ತದೆ. ಯಾರಿಗೆ ಕಸಿ ಬೇಕೆಂಬುದನ್ನು ತಜ್ಞರೇ ಹೇಳಬೇಕು.

ದಾನಿಗೆ ಬೇಕಾದದ್ದು ರಕ್ತದ ಗುಂಪಿನ ಹೊಂದಾಣಿಕೆಯಲ್ಲ. ಎಚ್‌ಎಲ್‌ಎ ಎಂಬ ಬೇರೆಯೇ ಗುರುತು ಹೊಂದಬೇಕು. ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುವ ಗುರುತು ಅದು. ಒಬ್ಬ ಒಡಹುಟ್ಟಿದವರದ್ದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೂವರಿದ್ದರೂ ಒಬ್ಬರಾದರೂ ಹೊಂದುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಅಪ್ಪ, ಅಮ್ಮ, ಮಕ್ಕಳದ್ದು ಅರ್ಧ ಹೊಂದುತ್ತದೆ. ಕಸಿಯ ಬಳಿಕ ಸೈಕ್ಲೋಫಾಸ್ಫಮೈಡ್ ಎಂಬ ಔಷಧಿ ಕೊಡುವ ವಿಧಾನ ಬಂದಮೇಲೆ ಅರ್ಧ ಹೊಂದಿದವರಿಂದಲೂ ಕಸಿ ಸಾಧ್ಯವಾಗಿದೆ. ಆದರೂ ಪೂರ್ತಿ ಹೊಂದಿದ ತಂಗಿ ಮನೆಯಲ್ಲೇ ಇರುವಾಗ ಅವಳನ್ನು ಬಿಟ್ಟು ಬೇರೆಡೆ ಹುಡುಕುವುದು ಯಾವ ನ್ಯಾಯ?

ಕೆಲವು ದಿನಗಳ ನಂತರ ಆ ಹುಡುಗಿಯ ಅತ್ತೆಯೇ ನನ್ನಲ್ಲಿಗೆ ಬಂದರು. "ಡಾಕ್ಟ್ರೇ, ಬೆನ್ನಿನಿಂದ ನೀರು ತೆಗೆದರೆ ಸೊಂಟ ಬೀಳುವುದಿಲ್ಲವಾ? ಇನ್ನು ಅವಳಿಗೆ ಮಕ್ಕಳಾಗ್ತದಾ?" ನಮ್ಮ ಅನೇಕ ಮನೆಗಳಲ್ಲಿರುವ ಭಯ ಇದೇ. ನಾನು ಅವರಿಗೆ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಈಗ ಹೆಚ್ಚಾಗಿ ಬೆನ್ನನ್ನಾಗಲಿ ಎಲುಬನ್ನಾಗಲಿ ಮುಟ್ಟುವುದೇ ಇಲ್ಲ. 4-5 ದಿನ ಚರ್ಮದಡಿ ಒಂದು ಇಂಜೆಕ್ಷನ್ ಕೊಡುತ್ತಾರೆ. ಆಗ ಕಾಂಡಕೋಶಗಳು ಮಜ್ಜೆಯಿಂದ ರಕ್ತಕ್ಕೆ ಇಳಿಯುತ್ತವೆ. ಒಂದು ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಕಾಂಡಕೋಶಗಳನ್ನಷ್ಟೇ ಅಲ್ಲಿ ಬಿಟ್ಟು ಇನ್ನೊಂದು ತೋಳಿಗೆ ಮರಳುತ್ತದೆ. ಇದಕ್ಕೆ ಕೆಲವು ಗಂಟೆ ಬೇಕು. ಇಂಜೆಕ್ಷನಿನ ದಿನಗಳಲ್ಲಿ ಮೈಕೈ ನೋವು, ತಲೆನೋವು ಬರಬಹುದು, ಆಮೇಲೆ ಹೋಗುತ್ತದೆ. ಕೊಟ್ಟ ಕೋಶಗಳನ್ನು ದೇಹ ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಸೊಂಟ ಬೀಳುವುದಿಲ್ಲ, ಗರ್ಭಕ್ಕೂ ಇದಕ್ಕೂ ಸಂಬಂಧವಿಲ್ಲ. ಗರ್ಭಿಣಿಯಾಗಿದ್ದರೆ ಆ ಸಮಯದಲ್ಲಿ ಕೊಡುವಂತಿಲ್ಲ, ಅಷ್ಟೆ. ದಾನಿಯ ಆರೋಗ್ಯವನ್ನು ಪೂರ್ತಿ ಪರೀಕ್ಷಿಸದೆ ಯಾರೂ ಕೋಶ ತೆಗೆಯುವುದಿಲ್ಲ.

ಆ ಅತ್ತೆ ಒಪ್ಪಿದರು. ಆದರೆ ಅಷ್ಟರಲ್ಲಿ ಮೂರು ತಿಂಗಳು ಕಳೆದು ರೋಗ ಮರುಕಳಿಸಿತ್ತು. ಮತ್ತೆ ಕಿಮೊ ಕೊಟ್ಟು, ರೋಗ ಇಳಿದ ಮೇಲೆ ಕಸಿ ಆಯಿತು. ಹುಡುಗ ಈಗ ಮನೆಯಲ್ಲಿದ್ದಾನೆ, ತಪಾಸಣೆಗೆ ಹೋಗಿ ಬರುತ್ತಿದ್ದಾನೆ. ತಂಗಿ ಎರಡೇ ದಿನದಲ್ಲಿ ಅಡುಗೆಮನೆಗೆ ಮರಳಿದಳು. ಆ ಮೂರು ತಿಂಗಳಲ್ಲಿ ಕೆಟ್ಟವರು ಯಾರೂ ಇರಲಿಲ್ಲ, ತಿಳಿಯದವರಿದ್ದರು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಕೊಡುವುದೋ ಬಿಡುವುದೋ ಎಂಬ ತೀರ್ಮಾನ ಆ ಹೆಣ್ಣುಮಗಳದ್ದು. ತವರು ಒತ್ತಾಯಿಸಬಾರದು, ಗಂಡನ ಮನೆ ತಡೆಯಬಾರದು. ಸಂದೇಹವಿದ್ದರೆ ಗಂಡನನ್ನೂ ಅತ್ತೆಯನ್ನೂ ಕಸಿ ಮಾಡುವ ವೈದ್ಯರ ಬಳಿಗೇ ಕರೆದೊಯ್ಯಿರಿ, ಊರಿನ ಮಾತು ಕೇಳಿಸಿಕೊಂಡು ಕೂರಬೇಡಿ.

ಮನೆಯಲ್ಲಿ ದಾನಿ ಸಿಗದವರ ಗತಿಯನ್ನೂ ಯೋಚಿಸೋಣ. ಎಚ್‌ಎಲ್‌ಎ ಗುರುತು ವಂಶದ ಜಾಡಿನಲ್ಲಿ ಬರುವುದರಿಂದ ನಮ್ಮ ಕರಾವಳಿಯ ರೋಗಿಗೆ ಹೊಂದುವವರು ನಮ್ಮ ನಡುವೆಯೇ ಸಿಗುವ ಸಂಭವ ಹೆಚ್ಚು. ಬೆಂಗಳೂರಿನ ಡಿಕೆಎಂಎಸ್, ಚೆನ್ನೈಯ ದಾತ್ರಿ ಸಂಸ್ಥೆಗಳು ದಾನಿಗಳ ಪಟ್ಟಿ ಮಾಡುತ್ತವೆ. ಕೆನ್ನೆಯ ಒಳಬದಿಗೆ ಹತ್ತಿ ಉಜ್ಜಿ ಕೊಟ್ಟರೆ ಹೆಸರು ಸೇರುತ್ತದೆ. ನಮ್ಮ ಯುವಕರು ರಕ್ತದಾನ ಶಿಬಿರಗಳಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಮುಂದಿನ ಶಿಬಿರದಲ್ಲಿ ಇದಕ್ಕೂ ಒಂದು ಮೇಜು ಹಾಕಿ.