ಪ್ರಯಾಣ ವಿಮೆ: ವೀಸಾಕ್ಕೆ ಸಾಲುವ ಕಾಗದ ಕಾಯಿಲೆಗೂ ಸಾಲುವುದೇ?

ಮಂಗಳೂರು: ಬೋಳಾರದ ಮಂಗಳಾದೇವಿ ದೇವಸ್ಥಾನದ ಆಸುಪಾಸಿನಲ್ಲಾಗಲಿ, ಮಾರಿಗುಡಿ, ಮುಳಿಹಿತ್ಲು ಕಡೆಯ ಓಣಿಗಳಲ್ಲಾಗಲಿ ಮಕ್ಕಳು ಪರದೇಶದಲ್ಲಿರುವ ಮನೆಗಳು ಅಪರೂಪವಲ್ಲ. ನೇತ್ರಾವತಿಯ ದಂಡೆಯ ಹೆಂಚಿನ ಕಾರ್ಖಾನೆಗಳು ಊರಿಗೆ ಅನ್ನ ನೀಡಿದ ಕಾಲ ಹಿಂದೆ ಸರಿದಂತೆ ಇಲ್ಲಿನ ತರುಣರು ಮೊದಲು ಮುಂಬಯಿಗೆ, ಬಳಿಕ ಕೊಲ್ಲಿ ರಾಷ್ಟ್ರಗಳಿಗೆ, ಈಚೆಗೆ ಅಮೆರಿಕ, ಕೆನಡಾ, ಯುರೋಪುಗಳಿಗೆ ತೆರಳಿದರು. 2006ರಲ್ಲಿ ಬಜಪೆಯಿಂದ ದುಬೈಗೆ ನೇರ ವಿಮಾನ ಆರಂಭವಾದ ಮೇಲೆ ಹೆತ್ತವರ ಓಡಾಟವೂ ಸುಲಭವಾಯಿತು. ಮಗಳ ಬಾಣಂತನ, ಮೊಮ್ಮಗುವಿನ ನಾಮಕರಣ, ಮಗನ ಹೊಸ ಮನೆಯ ಒಕ್ಕಲು ಹೀಗೆ ಒಂದಿಲ್ಲೊಂದು ನೆಪದಲ್ಲಿ ಅರುವತ್ತು ದಾಟಿದವರು ಸಮುದ್ರ ದಾಟುತ್ತಿದ್ದಾರೆ.

ಹೊರಡುವವರ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಹಪ್ಪಳಗಳ ಜತೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳ ಪೊಟ್ಟಣವೂ ಇರುತ್ತದೆ. ಕೈಚೀಲದಲ್ಲಿ ಪ್ರಯಾಣ ವಿಮೆಯ ಕಾಗದವಿರುತ್ತದೆ. ಆದರೆ ಆ ಕಾಗದ ಆ ಮಾತ್ರೆಗಳ ಬಗ್ಗೆ ಏನು ಹೇಳುತ್ತದೆ ಎಂಬುದನ್ನು ಓದಿ ನೋಡಿದವರು ವಿರಳ.

ಇಲ್ಲಿ ಎರಡು ಸಂಗತಿಗಳನ್ನು ಪ್ರತ್ಯೇಕವಾಗಿ ನೋಡುವುದು ಅಗತ್ಯ. ವೀಸಾ ನೀಡುವ ದೇಶ ಕೇಳುವುದು ಒಂದು. ಕಾಯಿಲೆ ಬಿದ್ದಾಗ ಅಲ್ಲಿನ ಆಸ್ಪತ್ರೆ ಕೇಳುವುದು ಇನ್ನೊಂದು. ಮೊದಲನೆಯದಕ್ಕೆ ಸಾಲುವ ಪಾಲಿಸಿ ಎರಡನೆಯದಕ್ಕೂ ಸಾಲುತ್ತದೆ ಎಂಬ ನಂಬಿಕೆಯೇ ಹಿರಿಯ ಪ್ರಯಾಣಿಕರ ಪಾಲಿನ ದೊಡ್ಡ ಅಪಾಯ.

ವೀಸಾ ಕೇಳುವುದೇನು?

ಪರದೇಶಕ್ಕೆ ತೆರಳುವ ಭಾರತೀಯರಿಗೆಂದೇ 'ಓವರ್‌ಸೀಸ್ ಮೆಡಿಕ್ಲೇಮ್' ಎಂಬ ವಿಮೆ 1984ರಲ್ಲಿ ಜಾರಿಗೆ ಬಂತು. ಆಗ ಅದನ್ನು ಮಾರುತ್ತಿದ್ದವು ಸರಕಾರಿ ಸ್ವಾಮ್ಯದ ಸಾಮಾನ್ಯ ವಿಮಾ ಕಂಪನಿಗಳು ಮಾತ್ರ. 1999ರ ಕಾಯಿದೆಯ ಬಳಿಕ ಖಾಸಗಿ ಕಂಪನಿಗಳೂ ಕ್ಷೇತ್ರಕ್ಕೆ ಇಳಿದವು. ಈಗ ವಿಮಾನದ ಟಿಕೆಟಿನ ಜತೆಗೇ ಒಂದು ಚೌಕದಲ್ಲಿ ಗುರುತು ಹಾಕಿದರೆ ಪ್ರಯಾಣ ವಿಮೆ ಕೈಗೆ ಬರುತ್ತದೆ. ಕೊಳ್ಳುವುದು ಸುಲಭವಾದಷ್ಟೂ ಓದುವುದು ಕಡಿಮೆಯಾಗಿದೆ.

ಯುರೋಪಿನ ಷೆಂಗನ್ ದೇಶಗಳ 2009ರ ವೀಸಾ ಸಂಹಿತೆಯಂತೆ ಪ್ರಯಾಣಿಕರು ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಹೊಂದಿರಬೇಕು. ತುರ್ತು ಚಿಕಿತ್ಸೆ, ಸ್ವದೇಶಕ್ಕೆ ಮರಳಿಸುವ ವೆಚ್ಚ, ಸಾವು ಸಂಭವಿಸಿದರೆ ಆಗುವ ವೆಚ್ಚ ಅದರಲ್ಲಿ ಸೇರಿರಬೇಕು. ಕೆನಡಾ 2011ರ ಡಿಸೆಂಬರಿನಲ್ಲಿ ಆರಂಭಿಸಿದ, ಹೆತ್ತವರಿಗೂ ಅಜ್ಜ ಅಜ್ಜಿಯರಿಗೂ ಮೀಸಲಾದ 'ಸೂಪರ್ ವೀಸಾ'ಕ್ಕೆ ಕನಿಷ್ಠ ಒಂದು ವರ್ಷ ಅವಧಿಯ, 1 ಲಕ್ಷ ಕೆನಡಾ ಡಾಲರ್ ಮೊತ್ತದ ವಿಮೆ ಕಡ್ಡಾಯ. ಉಮ್ರಾ ಯಾತ್ರಿಕರ ವೀಸಾ ಶುಲ್ಕದಲ್ಲಿಯೇ ವಿಮೆ ಸೇರಿದ್ದರೂ ಅದರ ಉದ್ದೇಶ ತುರ್ತು ಚಿಕಿತ್ಸೆ. ವರ್ಷಗಳಿಂದ ಇರುವ ಕಾಯಿಲೆಯ ಆರೈಕೆಯಲ್ಲ.

ಅಮೆರಿಕದ ಸ್ಥಿತಿ ವಿಚಿತ್ರ. ಚಿಕಿತ್ಸೆ ಅತ್ಯಂತ ದುಬಾರಿಯಾಗಿರುವ ಆ ದೇಶ ಪ್ರವಾಸಿ ವೀಸಾಕ್ಕೆ ವಿಮೆಯನ್ನು ಸಾಮಾನ್ಯವಾಗಿ ಕೇಳಿದ್ದೇ ಇಲ್ಲ. ಅಲ್ಲಿನ ಹಿರಿಯ ನಾಗರಿಕರಿಗಿರುವ 'ಮೆಡಿಕೇರ್' ಸೌಲಭ್ಯ ಆರು ತಿಂಗಳ ಮಟ್ಟಿಗೆ ಬಂದ ಅತಿಥಿಗಳಿಗೆ ಅನ್ವಯಿಸುವುದಿಲ್ಲ. ಊರಿನಲ್ಲಿ ಮಾಡಿಸಿದ ಆರೋಗ್ಯ ವಿಮೆಯೂ ಸಾಮಾನ್ಯವಾಗಿ ದೇಶದ ಗಡಿಯೊಳಗೆ ಮಾತ್ರ ಊರ್ಜಿತ. ಕೇಂದ್ರ ಸರಕಾರ 2024ರ ಅಕ್ಟೋಬರಿನಲ್ಲಿ 70 ವರ್ಷ ದಾಟಿದ ಎಲ್ಲರಿಗೂ ವಿಸ್ತರಿಸಿದ ಆಯುಷ್ಮಾನ್ ಯೋಜನೆಯದ್ದೂ ಇದೇ ಮಿತಿ.

ಇವೆಲ್ಲದರಿಂದ ಸ್ಪಷ್ಟವಾಗುವ ಅಂಶವೊಂದಿದೆ. ವೀಸಾ ನಿಯಮಗಳು ಮುಖ್ಯವಾಗಿ ನೋಡುವುದು ವಿಮೆಯ ಮೊತ್ತ, ಅವಧಿ ಮತ್ತು ವ್ಯಾಪ್ತಿಯನ್ನು. ಪ್ರಯಾಣಿಕರಿಗೆ ಈಗಾಗಲೇ ಇರುವ ಕಾಯಿಲೆಗೆ ಆ ಮೊತ್ತ ದೊರೆಯುವುದೇ ಎಂಬುದನ್ನು ನಿರ್ಧರಿಸುವುದು ಪಾಲಿಸಿಯ ಒಳಪುಟಗಳು. ವೀಸಾ ಮಂಜೂರಾಯಿತು ಎಂಬುದು ಪರಿಹಾರ ದೊರೆಯುತ್ತದೆ ಎಂಬುದಕ್ಕೆ ಖಾತರಿಯಲ್ಲ.

ಸಣ್ಣ ಅಕ್ಷರಗಳ ಮೂರು ಬಗೆ

ಮೊದಲೇ ಇರುವ ಕಾಯಿಲೆಯ ವಿಷಯದಲ್ಲಿ ಪ್ರಯಾಣ ವಿಮೆಗಳು ಸ್ಥೂಲವಾಗಿ ಮೂರು ಬಗೆಯವು. ಮೊದಲನೆಯ ಬಗೆಯಲ್ಲಿ ಅಂಥ ಕಾಯಿಲೆಗೂ ಅದರಿಂದ ಉಂಟಾಗುವ ತೊಡಕುಗಳಿಗೂ ಚಿಕ್ಕಾಸೂ ಇಲ್ಲ. ಎರಡನೆಯ ಬಗೆಯಲ್ಲಿ ಪ್ರಾಣಾಪಾಯದ ಸ್ಥಿತಿಯಲ್ಲಿ ಮಾತ್ರ, ಅದೂ ರೋಗಿ ಅಪಾಯದಿಂದ ಪಾರಾಗುವವರೆಗೆ ಮಾತ್ರ, ಒಂದು ಮಿತಿಯೊಳಗೆ ವೆಚ್ಚ ಭರಿಸಲಾಗುತ್ತದೆ. ಒಟ್ಟು ವಿಮಾ ಮೊತ್ತ ಎಷ್ಟೇ ದೊಡ್ಡದಿದ್ದರೂ ಈ ಒಳಮಿತಿ ಅದರ ಒಂದು ಸಣ್ಣ ಪಾಲು ಆಗಿರಬಹುದು. ವಯಸ್ಸು ಹೆಚ್ಚಿದಂತೆ ಕೊಠಡಿ ಬಾಡಿಗೆ, ತೀವ್ರ ನಿಗಾ ಘಟಕ, ಶಸ್ತ್ರಚಿಕಿತ್ಸಕರ ಶುಲ್ಕ ಪ್ರತಿಯೊಂದಕ್ಕೂ ಪ್ರತ್ಯೇಕ ಮಿತಿ ಹಾಕುವ ಪಾಲಿಸಿಗಳಿವೆ.

ಮೂರನೆಯ ಬಗೆ ಪರದೇಶಗಳಲ್ಲಿ ಮಕ್ಕಳೇ ಹೆತ್ತವರಿಗಾಗಿ ಕೊಳ್ಳುವ ಪಾಲಿಸಿಗಳದ್ದು. ಕೆನಡಾದ ಹಲವು ಪಾಲಿಸಿಗಳು ಕಾಯಿಲೆ 'ಸ್ಥಿರ'ವಾಗಿದ್ದರೆ ಮಾತ್ರ ಪರಿಹಾರ ನೀಡುತ್ತವೆ. ವಿಮೆ ಜಾರಿಯಾಗುವ ಮೊದಲಿನ 90 ಅಥವಾ 180 ದಿನಗಳಲ್ಲಿ ಹೊಸ ಲಕ್ಷಣ ಕಾಣಿಸಿರಬಾರದು, ಔಷಧಿ ಬದಲಾಗಿರಬಾರದು. ಮಾತ್ರೆಯ ಪ್ರಮಾಣವನ್ನು ಕಡಿಮೆ ಮಾಡಿದ್ದರೂ ಅದನ್ನು ಬದಲಾವಣೆಯೆಂದೇ ಪರಿಗಣಿಸುವ ಪಾಲಿಸಿಗಳಿವೆ. ಹೊರಡುವ ಹಿಂದಿನ ವಾರ ವೈದ್ಯರನ್ನು ಕಂಡು ರಕ್ತದೊತ್ತಡದ ಮಾತ್ರೆ ಬದಲಿಸಿಕೊಂಡವರು ತಮಗರಿವಿಲ್ಲದೆಯೇ ರಕ್ಷಣೆ ಕಳೆದುಕೊಂಡಿರಬಹುದು. ಅಮೆರಿಕದ ಅತಿಥಿ ವಿಮೆಗಳಲ್ಲಿ ಹಳೆಯ ಕಾಯಿಲೆ ಹಠಾತ್ತನೆ ಉಲ್ಬಣಿಸಿದರೆ ಮಾತ್ರ ಪರಿಹಾರ ಎಂಬ ಷರತ್ತು ಸಾಮಾನ್ಯ. ಚಿಕಿತ್ಸೆಯನ್ನು 24 ಗಂಟೆಯೊಳಗೆ ಪಡೆಯಬೇಕೆಂಬ ನಿಯಮ, ನಿರ್ದಿಷ್ಟ ವಯಸ್ಸಿನ ನಂತರ ಈ ಸೌಲಭ್ಯವೇ ಇಲ್ಲವೆಂಬ ನಿಯಮ ಅದರೊಂದಿಗಿರುತ್ತವೆ.

ಉದಾಹರಣೆಗೆ, ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ 68 ವರ್ಷದ ಮಹಿಳೆಯೊಬ್ಬರು ಟೊರಾಂಟೋದಲ್ಲಿ ಹಿಮದ ಮೇಲೆ ಜಾರಿ ಬಿದ್ದು ಕೈ ಮುರಿದುಕೊಂಡರೆ ವಿವಾದ ಹುಟ್ಟುವ ಸಂಭವ ಕಡಿಮೆ. ಅವರಿಗೆ ಹೃದಯಾಘಾತವಾದರೆ ಕತೆ ಬೇರೆ. ಹೃದಯದ ತೊಂದರೆ ಹೊಸತು ಎಂದು ಕುಟುಂಬ ಹೇಳುತ್ತದೆ. ಅದು ಸಕ್ಕರೆ ಕಾಯಿಲೆಯದೇ ತೊಡಕು ಎಂದು ಕಂಪನಿ ವಾದಿಸಬಹುದು. ಹಿರಿಯರ ಕ್ಲೇಮುಗಳಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಈ 'ತೊಡಕು' ಎಂಬ ಪದದ ಸುತ್ತ.

ಗಡಿ ದಾಟದ ಸುಧಾರಣೆ

ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ 2024ರಲ್ಲಿ ಆರೋಗ್ಯ ವಿಮೆಯ ನಿಯಮಗಳನ್ನು ಗ್ರಾಹಕರ ಪರವಾಗಿ ಸಡಿಲಿಸಿತು. ಮೊದಲೇ ಇರುವ ಕಾಯಿಲೆಗೆ ಪರಿಹಾರ ಪಡೆಯಲು ಕಾಯಬೇಕಾದ ಗರಿಷ್ಠ ಅವಧಿ 48 ತಿಂಗಳಿಂದ 36 ತಿಂಗಳಿಗೆ ಇಳಿಯಿತು. ಎಂಟು ವರ್ಷ ಕಂತು ಕಟ್ಟಿದ ಮೇಲೆ ವಂಚನೆಯ ಹೊರತು ಬೇರೆ ಕಾರಣಕ್ಕೆ ತಕರಾರು ತೆಗೆಯುವಂತಿಲ್ಲ ಎಂಬ ನಿಯಮ ಐದು ವರ್ಷಕ್ಕೆ ಇಳಿಯಿತು. ಸುದ್ದಿ ಓದಿದ ಹಿರಿಯರು ಸಹಜವಾಗಿಯೇ ಸಂತಸಪಟ್ಟರು.

ಆದರೆ ಈ ಅನುಕೂಲ ಪ್ರಯಾಣಿಕರ ಕೈಗೆ ಬಂದಿಲ್ಲ. ವಿಮಾ ಕಾಯಿದೆಯ ವ್ಯಾಖ್ಯೆಯಲ್ಲಿ ಪ್ರಯಾಣ ವಿಮೆಯೂ ಆರೋಗ್ಯ ವಿಮಾ ವ್ಯವಹಾರದ ಒಂದು ಅಂಗವೇ. ಹಾಗಿದ್ದೂ 'ಮೊದಲೇ ಇರುವ ಕಾಯಿಲೆ' ಎಂಬುದರ ಪ್ರಮಾಣಿತ ವ್ಯಾಖ್ಯೆಯನ್ನು ಪರದೇಶ ಪ್ರಯಾಣದ ಪಾಲಿಸಿಗಳಿಗೆ ಪ್ರಾಧಿಕಾರ ಅನ್ವಯಿಸಿಲ್ಲ. ಇದರ ಪರಿಣಾಮವಾಗಿ ಯಾವ ಕಾಯಿಲೆಯನ್ನು ಹಳೆಯದೆಂದು ಕರೆಯಬೇಕು, ಎಷ್ಟು ಹಿಂದಿನ ದಾಖಲೆಯನ್ನು ಕೆದಕಬೇಕು ಎಂಬುದು ಆಯಾ ಪಾಲಿಸಿಯ ಮಾತಿಗೆ ಬಿಟ್ಟ ವಿಚಾರವಾಗಿದೆ. ಅಲ್ಲದೆ ಒಂದು ಪ್ರಯಾಣಕ್ಕೆ ಮಾಡಿಸಿದ ವಿಮೆ ಆ ಪ್ರಯಾಣದೊಂದಿಗೆ ಮುಗಿಯುತ್ತದೆ. ಊರಿನ ಪಾಲಿಸಿಯಂತೆ ವರ್ಷ ವರ್ಷ ನವೀಕರಿಸಿ ಹಿರಿತನ ಗಳಿಸುವ ಅವಕಾಶ ಇಲ್ಲಿಲ್ಲ. ಮೊದಲ ಪ್ರಯಾಣದಲ್ಲಿ ಪತ್ತೆಯಾದ ಕಾಯಿಲೆ ಎರಡನೆಯ ಪ್ರಯಾಣದ ಹೊತ್ತಿಗೆ ಹಳೆಯ ಕಾಯಿಲೆಯ ಪಟ್ಟಿಗೆ ಸೇರಿರುತ್ತದೆ.

ನ್ಯಾಯಾಲಯ ಹೇಳಿದ್ದೇನು?

ಹಾಗಾದರೆ ಹಿರಿಯರಿಗೆ ಉಳಿದಿರುವ ಬಲ ಯಾವುದು? ಉತ್ತರ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳಲ್ಲಿದೆ.

2009ರ ಜುಲೈ ತಿಂಗಳಿನ ತೀರ್ಪು ವಿಮಾದಾರರಿಗೆ ಪ್ರತಿಕೂಲವಾಗಿತ್ತು. ಊರಿನ ಮೆಡಿಕ್ಲೇಮ್ ಪಾಲಿಸಿಗೆ ಸಂಬಂಧಿಸಿದ ಆ ಪ್ರಕರಣದಲ್ಲಿ ಸಕ್ಕರೆ ಕಾಯಿಲೆ ಹಾಗೂ ಮೂತ್ರಪಿಂಡದ ಕಾಯಿಲೆಯನ್ನು ಪ್ರಸ್ತಾವನಾ ನಮೂನೆಯಲ್ಲಿ ತಿಳಿಸಿರಲಿಲ್ಲ. ವಿಮೆ ಪರಸ್ಪರ ಪೂರ್ಣ ವಿಶ್ವಾಸದ ಕರಾರು; ಮುಖ್ಯ ಸಂಗತಿಯನ್ನು ಮುಚ್ಚಿಟ್ಟರೆ ಕಂಪನಿ ಪರಿಹಾರ ನಿರಾಕರಿಸಬಹುದು ಎಂದು ನ್ಯಾಯಾಲಯ ಎತ್ತಿಹಿಡಿಯಿತು.

2021ರ ಡಿಸೆಂಬರ್ 6ರ ತೀರ್ಪು ನೇರವಾಗಿ ಪ್ರಯಾಣ ವಿಮೆಯದ್ದು. ಬಂಧುಗಳ ಮದುವೆಗೆಂದು 2009ರಲ್ಲಿ ಅಮೆರಿಕಕ್ಕೆ ಹೊರಟ ವ್ಯಕ್ತಿಯೊಬ್ಬರು ವಿಮೆ ಮಾಡಿಸುವಾಗ ತಮಗೆ ಸಕ್ಕರೆ ಕಾಯಿಲೆ ಇರುವುದನ್ನು ತಿಳಿಸಿದ್ದರು. ವೈದ್ಯಕೀಯ ತಪಾಸಣೆಯೂ ನಡೆದಿತ್ತು. ಸ್ಯಾನ್‌ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಇಳಿದಾಗಲೇ ಅವರು ಅಸ್ವಸ್ಥರಾದರು. ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಗಳಿಗೆ ಮೂರು ಸ್ಟೆಂಟ್ ಅಳವಡಿಸಬೇಕಾಯಿತು. ಸಕ್ಕರೆ ಕಾಯಿಲೆ, ಕೊಬ್ಬಿನಂಶದ ತೊಂದರೆ ಮೊದಲೇ ಇತ್ತೆಂದು ಕಂಪನಿ ಪರಿಹಾರ ನಿರಾಕರಿಸಿತು. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿಯೂ ಅವರಿಗೆ ಸೋಲಾಯಿತು.

ಸುಪ್ರೀಂ ಕೋರ್ಟ್ ಇದನ್ನು ತಳ್ಳಿಹಾಕಿತು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಬರೆದ ಆ ತೀರ್ಪಿನ ಸಾರ ಇಷ್ಟು: ಅರ್ಜಿದಾರ ತನ್ನ ಕಾಯಿಲೆ ತಿಳಿಸಿದ್ದಾನೆ, ಕಂಪನಿ ಅದನ್ನು ತೂಗಿ ನೋಡಿ ಪಾಲಿಸಿ ಕೊಟ್ಟಿದೆ ಎಂದಾದರೆ, ಅದೇ ಕಾಯಿಲೆಯನ್ನು ನೆಪವಾಗಿಸಿ ಬಳಿಕ ಪರಿಹಾರ ನಿರಾಕರಿಸುವಂತಿಲ್ಲ. ಬಡ್ಡಿಸಹಿತ ವೆಚ್ಚ ಭರಿಸುವಂತೆ ಆದೇಶವಾಯಿತು. ನ್ಯಾಯ ದೊರೆಯಿತಾದರೂ ಅದಕ್ಕೆ ಹನ್ನೆರಡು ವರ್ಷ ಹಿಡಿಯಿತು ಎಂಬುದನ್ನೂ ಮರೆಯುವಂತಿಲ್ಲ.

ಎರಡೂ ತೀರ್ಪುಗಳನ್ನು ಒಟ್ಟಿಗಿಟ್ಟು ಓದಿದರೆ ಒಂದು ತತ್ವ ಎದ್ದು ಕಾಣುತ್ತದೆ. ಮುಚ್ಚಿಟ್ಟ ಕಾಯಿಲೆ ಕಂಪನಿಯ ಅಸ್ತ್ರ. ಬರೆದುಕೊಟ್ಟ ಕಾಯಿಲೆ ಪ್ರಯಾಣಿಕರ ಗುರಾಣಿ.

ನಮೂನೆ ತುಂಬುವವರು ಯಾರು?

ವಾಸ್ತವದಲ್ಲಿ ಈ ಗುರಾಣಿ ಹಿರಿಯರ ಕೈಯಲ್ಲಿ ಇರುವುದೇ ಇಲ್ಲ. ನಮೂನೆಯನ್ನು ಅವರು ತುಂಬುವುದು ಕಡಿಮೆ. ಸಾವಿರಾರು ಮೈಲಿ ದೂರದಲ್ಲಿ ಕುಳಿತ ಮಗನೋ, ಟಿಕೆಟು ಮಾಡಿಸಿಕೊಟ್ಟ ಏಜೆಂಟನೋ ಕಂಪ್ಯೂಟರಿನ ಮುಂದೆ ಎರಡು ನಿಮಿಷದಲ್ಲಿ ಅದನ್ನು ಮುಗಿಸುತ್ತಾರೆ. 'ಯಾವುದಾದರೂ ಕಾಯಿಲೆ ಇದೆಯೇ?' ಎಂಬ ಪ್ರಶ್ನೆಗೆ 'ಇಲ್ಲ' ಎಂಬ ಗುರುತು ಬೀಳುತ್ತದೆ. 'ಇದೆ' ಎಂದರೆ ಕಂತು ಏರಬಹುದು, ತಪಾಸಣೆಗೆ ಹೋಗಬೇಕಾಗಬಹುದು, ಪಾಲಿಸಿಯೇ ಸಿಗದಿರಬಹುದು ಎಂಬ ಅಳುಕು ಒಂದೆಡೆ. ಸಕ್ಕರೆ, ಬಿಪಿ ಯಾರಿಗಿಲ್ಲ ಎಂಬ ಉದಾಸೀನ ಇನ್ನೊಂದೆಡೆ. ಇಂಗ್ಲಿಷಿನಲ್ಲಿರುವ ಆ ನಮೂನೆಗೆ ಹೊಣೆಯಾಗುವವರು ಮಾತ್ರ ಅದನ್ನು ನೋಡಿಯೇ ಇರದ ತಾಯಿ ತಂದೆ.

ಆದ್ದರಿಂದ ಕಾಯಿಲೆಯ ಹೆಸರು, ಔಷಧಿಗಳ ಪಟ್ಟಿ, ಹಿಂದಿನ ಶಸ್ತ್ರಚಿಕಿತ್ಸೆ ಎಲ್ಲವನ್ನೂ ಕುಟುಂಬದ ವೈದ್ಯರಿಂದ ಬರೆಸಿಕೊಂಡು, ಅದರಂತೆಯೇ ನಮೂನೆ ತುಂಬಿ, ಅದರ ಪ್ರತಿಯನ್ನು ಇಟ್ಟುಕೊಳ್ಳುವುದು ಕ್ಷೇಮ. ಹಳೆಯ ಕಾಯಿಲೆ ಉಲ್ಬಣಿಸಿದರೆ ಎಷ್ಟು ಹಣ ದೊರೆಯುತ್ತದೆ ಎಂಬ ಒಂದೇ ಪ್ರಶ್ನೆಗೆ ಕಂಪನಿಯಿಂದ ಬರಹದಲ್ಲಿ ಉತ್ತರ ಪಡೆಯಬೇಕು. ಔಷಧಿ ಬದಲಿಸುವುದಿದ್ದರೆ ತಿಂಗಳುಗಳ ಮುಂಚೆಯೇ ವೈದ್ಯರನ್ನು ಕಾಣಬೇಕು. ವಾಸ್ತವ್ಯ ವಿಸ್ತರಿಸುವುದಾದರೆ ಪಾಲಿಸಿಯ ಅವಧಿ ಮುಗಿಯುವ ಮೊದಲೇ ಅರ್ಜಿ ಸಲ್ಲಿಸಬೇಕು. ಆಸ್ಪತ್ರೆ ಸೇರಿದ ಮೇಲೆ ಪಾಲಿಸಿ ಓದಲು ಕುಳಿತರೆ ಅದು ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಕ್ಲೇಮು ತಿರಸ್ಕೃತವಾದರೆ ದಾರಿ ಮುಚ್ಚಿಲ್ಲ. ಕಂಪನಿಗೆ ಲಿಖಿತ ದೂರು ನೀಡಿ ಒಂದು ತಿಂಗಳಲ್ಲಿ ತೃಪ್ತಿಕರ ಉತ್ತರ ಬಾರದಿದ್ದರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಅಲ್ಲಿ ಪರಿಹಾರದ ಮಿತಿ 2023ರ ನವೆಂಬರಿನಲ್ಲಿ 30 ಲಕ್ಷ ರೂ.ನಿಂದ 50 ಲಕ್ಷ ರೂ.ಗೆ ಏರಿದೆ. 2019ರ ಗ್ರಾಹಕ ರಕ್ಷಣಾ ಕಾಯಿದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ಮೊಕದ್ದಮೆ ಹೂಡಬಹುದಾದ್ದರಿಂದ ಬೋಳಾರದವರಿಗೆ ಮಂಗಳೂರಿನ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. ಅದಕ್ಕೆ ಎರಡು ವರ್ಷಗಳ ಕಾಲಾವಕಾಶವಿದೆ.

ಪ್ರಾಧಿಕಾರದ ಹೊಣೆಯೂ ಇಲ್ಲಿ ಕಿರಿದಲ್ಲ. ಆರೋಗ್ಯ ವಿಮೆಯ ಮುಖ್ಯಾಂಶಗಳನ್ನು ಗ್ರಾಹಕ ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂಬ ನಿಯಮ 2024ರ ಜನವರಿ 1ರಿಂದ ಜಾರಿಯಲ್ಲಿದೆ. ಅದೇ ಸೂತ್ರದಲ್ಲಿ ಪ್ರಯಾಣ ವಿಮೆಯ ಕಾಯಿಲೆ ಷರತ್ತನ್ನೂ ಒಳಮಿತಿಯನ್ನೂ ಮೊದಲ ಪುಟದಲ್ಲಿ ಕನ್ನಡದಲ್ಲಿ ಮುದ್ರಿಸುವುದು ಕಷ್ಟದ ಕೆಲಸವಲ್ಲ. ಹಳೆಯ ಕಾಯಿಲೆಗೆ ಎಲ್ಲ ಕಂಪನಿಗಳಿಗೂ ಒಂದೇ ವ್ಯಾಖ್ಯೆ ಇರಬೇಕೆಂದು ಕೇಳುವುದು ಅತಿಯಾಸೆಯೂ ಅಲ್ಲ. ಅದು ಆಗುವವರೆಗೆ ಬಾಣಂತನಕ್ಕೆ ಹೊರಟ ತಾಯಿಯ ಮಾತ್ರೆಗಳ ಹೆಸರು ವಿಮೆಯ ನಮೂನೆಯಲ್ಲಿ ಬರೆಯಲ್ಪಟ್ಟಿದೆಯೇ ಎಂದು ಮಗಳೇ ಕೇಳಿ ತಿಳಿದುಕೊಳ್ಳಬೇಕಾಗಿದೆ.