ಬಿಡುವು ಯಾರ ಸೊತ್ತು?

ಪ್ರವಾಸವೆಂದರೆ ಓಟವೆಂದೇ ಬಗೆದಿದ್ದ ಕಾಲವೊಂದಿತ್ತು. ಮೂರು ದಿನಗಳಲ್ಲಿ ಹತ್ತು ಕ್ಷೇತ್ರಗಳು, ಒಂದೊಂದು ಕ್ಷೇತ್ರಕ್ಕೆ ಒಂದೊಂದು ಗಂಟೆ; ಮನೆಗೆ ಮರಳಿದ ಮೇಲೆ ಯಾವ ಗೋಪುರ ಯಾವ ಊರಿನದೆಂಬುದೇ ನೆನಪಿರುತ್ತಿರಲಿಲ್ಲ. ಈಗ ಗಾಳಿ ಬೇರೆ ದಿಕ್ಕಿಗೆ ಬೀಸತೊಡಗಿದೆ. ವಿದ್ಯೆಯೂ ವರಮಾನವೂ ಉಳ್ಳ ದಂಪತಿಗಳು ಒಂದೇ ಊರನ್ನು ಆರಿಸಿಕೊಂಡು, ನಾಲ್ಕೈದು ದಿನ ಅಲ್ಲಿಯೇ ತಂಗಿ, ನದಿಯ ದಂಡೆಯಲ್ಲಿ ಅಡ್ಡಾಡಿ, ಹಳೆಯ ದೇಗುಲಗಳ ನೆರಳಿನಲ್ಲಿ ಕುಳಿತು ಬರಬೇಕೆಂದು ಬಯಸುತ್ತಿದ್ದಾರೆ. ಇಂತಹವರ ಮಾತಿನಲ್ಲಿ ಲಾವೋಸ್ ದೇಶದ ಲುವಾಂಗ್ ಪ್ರಬಾಂಗ್ ಎಂಬ ಪಟ್ಟಣದ ಹೆಸರು ಮೇಲಿಂದ ಮೇಲೆ ಕೇಳಿಬರುತ್ತದೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳೂ ಅಂತಹ ಪ್ರವಾಸಕ್ಕೆ ಹೇಳಿ ಮಾಡಿಸಿದ ಊರುಗಳೇ. ಅತಿಥಿಗಳು ಬರಲಿ, ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ಅವರು ಇಲ್ಲಿ ಸವಿಯಬಯಸುವ ಆ ಬಿಡುವು ಯಾರ ಸೊತ್ತು ಎಂಬ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳುವುದು ಲೇಸೆಂದು ನನಗೆ ತೋರುತ್ತದೆ.

ಲುವಾಂಗ್ ಪ್ರಬಾಂಗಿನ ನಿದರ್ಶನವನ್ನೇ ನೋಡೋಣ. ಮೆಕಾಂಗ್ ಮತ್ತು ನಾಮ್ ಖಾನ್ ನದಿಗಳು ಕೂಡುವಲ್ಲಿ ನೆಲೆಸಿರುವ ಈ ಪಟ್ಟಣ ಹಿಂದೆ ರಾಜಧಾನಿಯಾಗಿದ್ದಿತು. 1995ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ನಸುಕಿನಲ್ಲಿ ಬೌದ್ಧ ಭಿಕ್ಷುಗಳು ಸಾಲಾಗಿ ಬೀದಿಗಿಳಿಯುತ್ತಾರೆ; ಗೃಹಸ್ಥರು ಮನೆಯ ಮುಂದೆ ಮಂಡಿಯೂರಿ ಅವರ ಪಾತ್ರೆಗಳಿಗೆ ಅನ್ನವನ್ನಿಕ್ಕುತ್ತಾರೆ. ಆ ಪ್ರಶಾಂತ ದೃಶ್ಯವೇ ಪ್ರವಾಸಿಗರನ್ನು ಸೆಳೆಯಿತು. ಪ್ರವಾಸಿಗರು ಹೆಚ್ಚಿದಂತೆ ಹಳೆಯ ಮನೆಗಳು ವಸತಿಗೃಹಗಳಾದುವು. ಹಲವು ಕುಟುಂಬಗಳು ಮನೆಯನ್ನು ಬಾಡಿಗೆಗೆ ಕೊಟ್ಟು ಊರಾಚೆಗೆ ಹೋಗಿ ನೆಲೆಸಿದುವು. 2021ರ ಡಿಸೆಂಬರಿನಲ್ಲಿ ಚೀನಾದ ಕಡೆಯಿಂದ ರೈಲುಮಾರ್ಗವೂ ಬಂದಿತು. ಭಿಕ್ಷೆಯ ಸಾಲನ್ನು ನೋಡುವ ಕಣ್ಣುಗಳು ಹೆಚ್ಚಿದುವು. ಭಿಕ್ಷೆಯಿಕ್ಕುವ ನೆರೆಮನೆಯ ಕೈಗಳು ಕಡಿಮೆಯಾದುವು. ಕಟ್ಟಡಗಳು ಉಳಿದರೂ ಅವುಗಳಿಗೆ ಅರ್ಥ ತಂದುಕೊಟ್ಟಿದ್ದ ನಿತ್ಯಜೀವನ ತೆಳುವಾಗುತ್ತ ಹೋಗುವುದು ಎಂತಹ ನಷ್ಟ!

ಇನ್ನು ನಮ್ಮ ಕಡೆಗೆ ಬರೋಣ. ಉಡುಪಿಯ ರಥಬೀದಿಗೆ ಬಂದ ಅತಿಥಿಗೆ ಅಷ್ಟಮಠಗಳೂ ಮಧ್ವಸರೋವರವೂ ಅರ್ಧ ಗಂಟೆಯಲ್ಲಿ ಕಾಣಸಿಗುತ್ತವೆ. ಆದರೆ ಉಡುಪಿಯ ನಿಜವಾದ ಅಳತೆ ಗಂಟೆಯಲ್ಲ, ಪರ್ಯಾಯ. ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪೂಜೆಯ ಸರದಿಯನ್ನು ವಾದಿರಾಜರು ಎರಡು ವರ್ಷಗಳಿಗೆ ವಿಸ್ತರಿಸಿದರು. ಹೀಗೆ ಹದಿನಾರು ವರ್ಷಗಳಿಗೊಮ್ಮೆ ಒಂದು ಸುತ್ತು ಪೂರ್ಣವಾಗುತ್ತದೆ. ಮುಂದಿನ ಸರದಿಯ ಮಠವು ಬಹಳ ಮೊದಲೇ ಬಾಳೆಯ ಮುಹೂರ್ತ ಮಾಡಿ ಸಸಿ ನೆಡುತ್ತದೆ. ಅನಂತರ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು ಒಂದರ ಹಿಂದೊಂದರಂತೆ ಬರುತ್ತವೆ. ಸೌದೆಯನ್ನು ಕೂಡ ರಥದ ಆಕಾರದಲ್ಲಿ ಅಂದವಾಗಿ ಒಟ್ಟುವ ಊರಿದು! ಇದು ಆಲಸ್ಯದ ನಿಧಾನವಲ್ಲ. ಅನ್ನದಾನದ ಹೊಣೆ ಹೊತ್ತವರ ದೂರಾಲೋಚನೆಯ ನಿಧಾನ.

ಕಾಪು ತಾಲೂಕಿನಲ್ಲಿ ಇದೇ ಸಂಗತಿ ಇನ್ನೊಂದು ರೂಪದಲ್ಲಿ ಕಾಣುತ್ತದೆ. 1901ರಿಂದ ಬಂಡೆಯ ಮೇಲೆ ನಿಂತು ನಾವಿಕರಿಗೆ ದಾರಿ ತೋರುತ್ತಿರುವ ದೀಪಸ್ತಂಭವನ್ನು ಎಲ್ಲರೂ ಬಲ್ಲರು. 2020ರಲ್ಲಿ ನೀಲಿಧ್ವಜದ ಮನ್ನಣೆ ಪಡೆದ ಪಡುಬಿದ್ರಿಯ ಕಡಲತೀರವನ್ನೂ ಬಲ್ಲರು. ಆದರೆ ಅತಿಥಿಯ ಮುಡಿಗೇರುವ ಶಂಕರಪುರದ ಮಲ್ಲಿಗೆಯ ಹಿಂದೆ ಬೆಳಗಾಗುವ ಮೊದಲೇ ಎದ್ದು ಮೊಗ್ಗು ಕೊಯ್ದು, ಕಟ್ಟಿ, ಅಂದಂದಿನ ದರಕ್ಕೆ ಕಾಯುವ ಮನೆಮಂದಿಯಿದ್ದಾರೆ. ಊಟದೆಲೆಗೆ ಬರುವ ಮಟ್ಟುಗುಳ್ಳವು ವಾದಿರಾಜರ ಪ್ರಸಾದವೆಂಬ ಐತಿಹ್ಯವನ್ನು ಹೊತ್ತು, ಮಟ್ಟು ಎಂಬ ಪುಟ್ಟ ಗ್ರಾಮದ ಗದ್ದೆಗಳಿಂದ ಬರುತ್ತದೆ. ಆ ಗದ್ದೆಗಳಲ್ಲಿ ನಾಳೆ ವಿಹಾರಧಾಮಗಳೆದ್ದರೆ, ಅಲ್ಲಿ ತಂಗಿದ ಅತಿಥಿಗೆ ಬಡಿಸಲು ಗುಳ್ಳವನ್ನು ಎಲ್ಲಿಂದ ತರುವುದು?

ಕಾರ್ಕಳದಲ್ಲಿ ಅವಸರ ಮತ್ತು ಸಾವಧಾನ ಎರಡನ್ನೂ ಒಂದೇ ದಿನ ನೋಡಬಹುದು. 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಗೊಮ್ಮಟಮೂರ್ತಿ ಸುಮಾರು ನಲವತ್ತೆರಡು ಅಡಿ ಎತ್ತರವಿದೆ. ಆ ಮಹಾಶಿಲೆಯನ್ನು ಬಂಡಿಯ ಮೇಲಿರಿಸಿ, ಬಹು ದಿನಗಳ ದುಡಿಮೆಯಿಂದ ಬೆಟ್ಟವನ್ನೇರಿಸಿದ ಕಥೆಯನ್ನು ಚಂದ್ರಮ ಕವಿ ತನ್ನ ಚರಿತೆಯಲ್ಲಿ ವರ್ಣಿಸಿದ್ದಾನೆ. ಎದುರಿನ ದಿಬ್ಬದ ಮೇಲೆ 1586ರಲ್ಲಿ ಕಟ್ಟಿದ ಚತುರ್ಮುಖ ಬಸದಿಯು ನಾಲ್ಕು ದಿಕ್ಕಿಗೂ ಒಂದೇ ಘನತೆಯಿಂದ ಬಾಗಿಲು ತೆರೆದು ನಿಂತಿದೆ. ಅದೇ ತಾಲೂಕಿನ ಬೈಲೂರಿನ ಉಮಿಕಲ್ ಬೆಟ್ಟದ ಮೇಲೆ, ವಿಧಾನಸಭೆಯ ಚುನಾವಣೆಗೆ ಕೆಲವೇ ತಿಂಗಳ ಮುಂಚೆ, 2023ರ ಜನವರಿಯಲ್ಲಿ ಪರಶುರಾಮನ ಮೂರ್ತಿಯ ಉದ್ಘಾಟನೆಯಾಯಿತು. ಅದರ ಮೇಲಿನ ಭಾಗವನ್ನು ಅದೇ ವರ್ಷ ಕೆಳಗಿಳಿಸಲಾಯಿತು. ಲೋಹದ ಗುಣದ ಬಗೆಗೆ ಎದ್ದ ವಿವಾದ ತನಿಖೆಯ ಮೆಟ್ಟಿಲೇರಿತು. ತಪ್ಪು ಯಾರದೆಂದು ನಿರ್ಣಯಿಸುವುದು ನನ್ನ ಕೆಲಸವಲ್ಲ. ಆದರೆ ನೋಡುವವರ ಸಲುವಾಗಿಯೇ ತರಾತುರಿಯಿಂದ ಎಬ್ಬಿಸಿದ್ದಕ್ಕೂ, ಬಾಳುವವರ ಶ್ರದ್ಧೆಯಿಂದ ಎದ್ದು ನಿಂತದ್ದಕ್ಕೂ ಇರುವ ಅಂತರವನ್ನು ಈ ಎರಡು ಬೆಟ್ಟಗಳು ಸಾರಿ ಹೇಳುತ್ತಿವೆ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಊರಿನವರು ಹಳೆಯ ಕಾಲದಂತೆಯೇ ಬದುಕುತ್ತಿರಲಿ, ಪೇಟೆಯವರು ಆಗಾಗ ಬಂದು ನೋಡಿ ಆನಂದಿಸಲಿ ಎನ್ನುವುದು ಯಾವ ನ್ಯಾಯ? ಈ ಆಕ್ಷೇಪದಲ್ಲಿ ತಿರುಳಿದೆ. ಹೊಟ್ಟೆಪಾಡಿಗಾಗಿ ಮುಂಬಯಿಗೂ ಕೊಲ್ಲಿ ದೇಶಗಳಿಗೂ ಹೋದ ಮಕ್ಕಳ ಊರಿದು. ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನವನ್ನು ಕೆಲವು ಮೇಳಗಳು ಕಾಲಮಿತಿಗೆ ಒಳಪಡಿಸಿದುದರಲ್ಲಿ, ಮರುದಿನ ಮುಂಜಾನೆ ಕೆಲಸಕ್ಕೆ ಓಡಬೇಕಾದ ಪ್ರೇಕ್ಷಕನ ಬದುಕಿಗೂ ಪಾಲಿದೆ. ಬಡತನವನ್ನು ಪ್ರಶಾಂತಿಯೆಂದು ಹೊಗಳುವ ಹಕ್ಕು ಅತಿಥಿಗೂ ಇಲ್ಲ, ಅಧ್ಯಾಪಕನಿಗೂ ಇಲ್ಲ. ಆದುದರಿಂದಲೇ ಪ್ರವಾಸದ ಹಣ ಊರಿನವರ ಕೈ ಸೇರಿ, ಅವರು ತಮ್ಮ ಮನೆಯಲ್ಲಿಯೇ ಉಳಿಯುವಂತಾಗಬೇಕು. ಮನೆ ಬಿಟ್ಟುಹೋಗುವುದಕ್ಕೆ ಅದೇ ಕಾರಣವಾಗಕೂಡದು.

ಮಣಿಪಾಲದ ಹಸ್ತಶಿಲ್ಪ ಪರಂಪರೆಯ ಗ್ರಾಮವನ್ನು ಈ ದೃಷ್ಟಿಯಿಂದ ನೋಡಬೇಕು. ಬ್ಯಾಂಕಿನ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು, ಕೆಡವಲ್ಪಡಲಿದ್ದ ಹಳೆಯ ಮನೆಗಳನ್ನು ಕಂಬ, ತೊಲೆ, ಬಾಗಿಲುಗಳ ಸಮೇತ ಬಿಚ್ಚಿ ತಂದು ಮತ್ತೆ ಜೋಡಿಸಿದರು. ಅವರ ಆಯುಷ್ಯದ ಬಹುಭಾಗವನ್ನೇ ಅದು ತೆಗೆದುಕೊಂಡಿತು. 2017ರಲ್ಲಿ ಅವರು ತೀರಿಕೊಂಡರು. ಅವರಿಲ್ಲದಿದ್ದರೆ ಆ ಮನೆಗಳು ಸೌದೆಯಾಗುತ್ತಿದ್ದುವು. ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಆ ಚಾವಡಿಗಳನ್ನು ಕಣ್ತುಂಬ ನೋಡಲೇಬೇಕು. ಆದರೆ ಹಾಗೆ ನೋಡುವಾಗ, ಒಲೆಯಲ್ಲಿ ಬೆಂಕಿ ಆರಿದ ಮೇಲೆಯೇ ಆ ಮನೆಗಳು ಅಲ್ಲಿಗೆ ಬಂದುವೆಂಬುದನ್ನೂ ನೆನೆಯಬೇಕು. ಬೆಂಕಿ ಇನ್ನೂ ಆರದ ಮನೆಗಳು ರಥಬೀದಿಯ ಸುತ್ತಲೂ ಕಾರ್ಕಳದ ಹಳೆಯ ಪೇಟೆಯಲ್ಲಿಯೂ ಇವೆ. ಅವನ್ನು ಇದ್ದಲ್ಲಿಯೇ ಉಳಿಸುವುದು ಇಂದಿನವರ ಹೊಣೆ.

ಇದಕ್ಕೆ ಮಾಡಬೇಕಾದುದೇನೂ ಅಸಾಧ್ಯವಾದುದಲ್ಲ. ವರ್ಷಕ್ಕೆ ಎಷ್ಟು ಲಕ್ಷ ಜನ ಬಂದರೆಂಬುದನ್ನಷ್ಟೇ ಎಣಿಸದೆ, ಬಂದವರು ಎಷ್ಟು ರಾತ್ರಿ ತಂಗಿದರು, ಅವರ ಹಣದಲ್ಲಿ ಎಷ್ಟು ಪಾಲು ಊರಿನ ಮನೆಗಳಿಗೆ ಸಂದಿತು ಎಂಬುದನ್ನೂ ಎಣಿಸಬೇಕು. ಹಳೆಯ ಮನೆಯಲ್ಲಿ ವಾಸಿಸುವವರಿಗೆ ಅದರ ದುರಸ್ತಿಗೆ ನೆರವು ದೊರೆಯಬೇಕು. ತುಳುವನ್ನೂ ಇತಿಹಾಸವನ್ನೂ ಬಲ್ಲ ತರುಣ ತರುಣಿಯರನ್ನು ಮಾರ್ಗದರ್ಶಕರಾಗಿ ತರಬೇತುಗೊಳಿಸಬೇಕು. ಕಾರ್ಕಳದ ಗೊಮ್ಮಟನಿಗೆ 2015ರಲ್ಲಿ ಮಸ್ತಕಾಭಿಷೇಕವಾಯಿತು. ಹನ್ನೆರಡು ವರ್ಷಗಳ ಲೆಕ್ಕದಂತೆ ಮುಂದಿನದು 2027ಕ್ಕೆ ಬರಬೇಕು. ಈ ಎಣಿಕೆಯನ್ನು ಆರಂಭಿಸಲು ಅದಕ್ಕಿಂತ ಉತ್ತಮವಾದ ಸಂದರ್ಭ ಬೇರೆ ಇಲ್ಲ.

ದೂರದ ಊರಿನಿಂದ ಬಂದ ಇಬ್ಬರು ಸಂಜೆ ಆನೆಕೆರೆಯ ದಂಡೆಯಲ್ಲಿ ಗಡಿಯಾರ ಮರೆತು ಕುಳಿತಿರಬಹುದಾದರೆ, ಊರಿನವರು ಆ ಕೆರೆಯನ್ನು ಈವರೆಗೆ ಕೆರೆಯಾಗಿಯೇ ಉಳಿಸಿಕೊಂಡಿರುವುದು ಅದಕ್ಕೆ ಕಾರಣ. ಅತಿಥಿಯ ಬಿಡುವು ಊರು ಕೊಟ್ಟ ಕಡ. ಕಡ ಕೊಟ್ಟವನ ಗಂಟೇ ಕರಗಿಹೋಗದಂತೆ ನೋಡಿಕೊಳ್ಳುವುದು, ಪಡೆದವನಿಗೂ ನಡುವೆ ನಿಂತು ವ್ಯವಹಾರ ನಡೆಸುವ ಸರ್ಕಾರಕ್ಕೂ ಸೇರಿದ ಧರ್ಮ.